ಹಾಲಾಗದ ತಿಳಿನೀರು

ಹೊಳೆ ದಂಡೆಯ ಮೇಲೊಂದು ಆಶ್ರಮ. ಆಶ್ರಮದ ಅಂಗಳ ದಾಟಿದರೆ ಒಂದು ಹೈಸ್ಕೂಲು.

ಅಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವರು ಕನಕಮ್ಮ. ಮಕ್ಕಳಿಗೆಲ್ಲ ಅವರು ದೊಡ್ಡ ಟೀಚರ್. ವಯಸ್ಸಾಗಿತ್ತು, ಮಂಡಿನೋವಿತ್ತು. ನಗುವುದಕ್ಕೆ ಮಾತ್ರ ಯಾವ ನೋವೂ ಅಡ್ಡ ಬರುತ್ತಿರಲಿಲ್ಲ.

ಪಾಠ ಹೇಳುವುದನ್ನು ಅವರಿಂದ ಕಲಿಯಲು ಯತಿರಾಜ ಎಂಬ ಹುಡುಗ ಬಂದ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು. ಓದಿದ್ದೆಲ್ಲ ನಾಲಿಗೆಯ ತುದಿಯಲ್ಲಿತ್ತು.

"ಅಮ್ಮ, ಒಳ್ಳೆ ಮೇಷ್ಟ್ರಾಗೋದು ಹೇಗೆ ಅಂತ ಹೇಳಿಕೊಡಿ" ಎಂದ.

"ನಾಳೆಯಿಂದ ಒಂಬತ್ತನೇ ಕ್ಲಾಸು ನಿಂದು" ಎಂದರು ಕನಕಮ್ಮ.

"ಮತ್ತೆ ಹೇಳಿಕೊಡೋದು?"

"ಅದನ್ನ ಆ ಮಕ್ಕಳು ನೋಡ್ಕೋತಾರೆ."

ಯತಿರಾಜ ಪರಮಾಣುವಿನ ಪಾಠ ಶುರುಮಾಡಿದ. ಬೋರ್ಡಿನ ಮೇಲೆ ದುಂಡಗೆ ಬಳೆಯಂತೆ ಗೆರೆ ಎಳೆದ. ನಡುವೆ ಬೀಜಕೇಂದ್ರ ಇಟ್ಟ. ಸುತ್ತಲೂ ಚುಕ್ಕಿ ಚುಕ್ಕಿಯಾಗಿ ಎಲೆಕ್ಟ್ರಾನುಗಳನ್ನು ಕೂರಿಸಿದ. ಚಿತ್ರ ಚೆನ್ನಾಗಿ ಬಂದಿತ್ತು.

ಕಿಟಕಿಯ ಪಕ್ಕ ಕೂತಿದ್ದ ಮಾದೇಶ ಕೈ ಎತ್ತಿದ. ಕ್ಲಾಸಿನಲ್ಲಿ ಬಾಯಿ ಜೋರಿದ್ದ ಹುಡುಗ ಅವನು.

"ಸಾರ್, ನೀವು ನೋಡಿದ್ದೀರಾ?"

"ಏನನ್ನ?"

"ಪರಮಾಣುನ."

"ಅದು ಕಣ್ಣಿಗೆ ಕಾಣಲ್ಲ."

"ಮತ್ತೆ ಇದೆ ಅಂತ ಹೆಂಗ್ ಗೊತ್ತು?"

ಯತಿರಾಜನಿಗೆ ಉತ್ತರ ಗೊತ್ತಿತ್ತು. ಆದರೆ ಹೇಳುವುದಕ್ಕೆ ಬಹಳ ಹೊತ್ತು ಬೇಕು. ಪಾಠ ಇನ್ನೂ ಎರಡು ಪುಟ ಉಳಿದಿತ್ತು.

"ನಾನು ಹೇಳ್ತಿದೀನಲ್ಲ, ನಂಬು" ಎಂದ.

ಮಾದೇಶ ನಂಬಿದ. ಸಾರೇ ಹೇಳಿದ ಮೇಲೆ ಇನ್ನೇನು?

ಹೊರಗೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಕನಕಮ್ಮ ಒಂದು ಸಲ ತಲೆ ಎತ್ತಿ ನೋಡಿದರು.

ಕೆಲವು ದಿನ ಕಳೆದ ಮೇಲೆ ಆಶ್ರಮದ ಸ್ವಾಮಿಗಳು ಹೊಸ ಮೇಷ್ಟರ ಪಾಠ ನೋಡಬೇಕೆಂದು ಹೇಳಿಕಳಿಸಿದರು.

ರಾಸಾಯನಿಕ ಕ್ರಿಯೆಯನ್ನು ಮಾಡಿ ತೋರಿಸೋಣ ಎಂದುಕೊಂಡ ಯತಿರಾಜ. ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಉಸಿರು ಊದಿದರೆ ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಸುಣ್ಣಕ್ಕೆ ಸೇರಿ, ತಿಳಿಯಾಗಿದ್ದ ನೀರು ಹಾಲಿನಂತಾಗುತ್ತದೆ. ಸುಲಭವಾದ ಪ್ರಯೋಗ. ನೋಡುವುದಕ್ಕೂ ಚೆಂದ.

ಕ್ಲಾಸಿನ ಶೆಲ್ಫಿನಲ್ಲಿ ಸುಣ್ಣದ ಡಬ್ಬಿ ಇತ್ತು. ಅದರಿಂದ ಒಂದಿಷ್ಟು ತೆಗೆದು ನೀರಿಗೆ ಕದಡಿದ. ಸುಣ್ಣ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನು ಶೀಸೆಗೆ ಬಸಿದುಕೊಂಡ. ಬೆಳಿಗ್ಗೆ ಮಕ್ಕಳು ಬರುವ ಮೊದಲು ಸ್ವಲ್ಪ ಲೋಟಕ್ಕೆ ಬಗ್ಗಿಸಿಕೊಂಡು ಒಮ್ಮೆ ಊದಿ ನೋಡಿದ.

ನೀರು ನೀರಾಗಿಯೇ ಇತ್ತು.

ಮತ್ತೆ ಊದಿದ. ಕೆನ್ನೆ ನೋವು ಬರುವವರೆಗೆ ಊದಿದ. ಗುಳ್ಳೆ ಬಂತು, ಹೋಯಿತು. ಹಾಲು ಬರಲಿಲ್ಲ.

ಹೊರಗೆ ಸ್ವಾಮಿಗಳ ಪಾದುಕೆಯ ಸದ್ದು ಕೇಳಿಸಿತು.

ಯತಿರಾಜನ ಕೈ ಬೋರ್ಡಿನ ಕೆಳಗಿದ್ದ ಸೀಮೆಸುಣ್ಣದ ಪುಡಿಗೆ ಹೋಯಿತು. ಚಿಟಿಕೆಯಷ್ಟು ತೆಗೆದು ಗಾಜಿನ ಕೊಳವೆಯೊಳಗೆ ತುಂಬಿಕೊಂಡ.

ಪ್ರಯೋಗ ಸೊಗಸಾಗಿ ನಡೆಯಿತು. ಯತಿರಾಜ ಊದಿದ, ಪುಡಿ ನೀರಿಗೆ ಬಿತ್ತು, ನೀರು ಬೆಳ್ಳಗಾಯಿತು. ಮಕ್ಕಳು ಹೋ ಎಂದರು. ಸ್ವಾಮಿಗಳು ಚಪ್ಪಾಳೆ ತಟ್ಟಿದರು.

"ನಮ್ಮ ಉಸಿರಲ್ಲೇ ಇಷ್ಟೆಲ್ಲ ಇದೆಯೇನಪ್ಪ!" ಎಂದು ಹರಸಿ ಹೋದರು.

ಆ ಸಂಜೆ ಕೊಳವೆ, ಲೋಟಗಳನ್ನು ತೊಳೆದಿಟ್ಟವರು ಕನಕಮ್ಮ. ತೊಳೆಯುವ ಮೊದಲು ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದರು.

ಒಂಬತ್ತನೇ ಕ್ಲಾಸಿನಲ್ಲಿ ತುಳಸಿ ಎಂಬ ಹುಡುಗಿ ಇದ್ದಳು. ಆಶ್ರಮದ ಸಂಜೆಯ ಪ್ರಾರ್ಥನೆಗೆ ಅವಳದೇ ಮೊದಲ ದನಿ. ಅವಳು ಎತ್ತಿಕೊಟ್ಟರೆ ಉಳಿದವರು ಹಿಡಿಯುತ್ತಿದ್ದರು.

ಒಂದು ಸಂಜೆ ತುಳಸಿ ಎತ್ತಿಕೊಡಲಿಲ್ಲ. ಮಾರನೆಯ ಸಂಜೆಯೂ ಇಲ್ಲ. ಹಿಂದಿನ ಸಾಲಿನಲ್ಲಿ ಕೂತು ಬರೀ ತುಟಿ ಆಡಿಸುತ್ತಿದ್ದಳು.

ಪ್ರಾರ್ಥನೆ ಮುಗಿದ ಮೇಲೆ ಕನಕಮ್ಮ ಅವಳನ್ನು ಹೊಳೆಯ ಮೆಟ್ಟಿಲಿಗೆ ಕರೆದುಕೊಂಡು ಹೋದರು. ಯತಿರಾಜನನ್ನೂ ಕರೆದರು.

"ಯಾಕೆ ಮಗಳೇ, ಗಂಟಲು ಕಟ್ಟಿದೆಯಾ?"

ತುಳಸಿ ತಲೆ ಅಲ್ಲಾಡಿಸಿದಳು.

"ಮತ್ತೆ?"

"ನನ್ನ ಉಸಿರು ಸರಿಯಿಲ್ಲ ದೊಡ್ಡ ಟೀಚರ್."

"ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ನಾನೇ ನೋಡಿದೆ." ಅವಳ ಕಣ್ಣು ತುಂಬಿತು. "ಶೀಸೇಲಿ ತಿಳಿನೀರು ಮಿಕ್ಕಿತ್ತು. ಆಟಕ್ಕೆ ಬಿಟ್ಟಾಗ ಪರಂಗಿ ಎಲೆ ದಂಟು ಕಿತ್ಕೊಂಡು ನಾನೂ ಊದಿದೆ. ಎಷ್ಟು ಊದಿದ್ರೂ ಹಾಲಾಗ್ಲಿಲ್ಲ. ಸಾರ್ ಉಸಿರಿಗೆ ತಕ್ಷಣ ಆಯ್ತಲ್ಲ? ಚಿಕ್ಕವಳಿದ್ದಾಗ ನಂಗೆ ಉಬ್ಬಸ ಇತ್ತು. ಅದೇ ಮತ್ತೆ ಬಂದಿದೆ ಅನ್ಸುತ್ತೆ. ಹಾಡಿದ್ರೆ ಜಾಸ್ತಿ ಆಗುತ್ತೇನೋ ಅಂತ ಭಯ."

ಯತಿರಾಜ ಹೊಳೆಯ ಕಡೆ ನೋಡುತ್ತಾ ನಿಂತ.

"ಹೋಗಿ ಆ ಶೀಸೆ ತಗೊಂಡು ಬಾ" ಎಂದರು ಕನಕಮ್ಮ. ತುಳಸಿ ಓಡಿದಳು.

ಶೀಸೆ ಬಂತು. ಪರಂಗಿ ದಂಟು, ಲೋಟಗಳೂ ಬಂದವು. ಮೂರು ಲೋಟಗಳಿಗೆ ತಿಳಿನೀರು ಹಂಚಿದರು.

ತುಳಸಿ ಊದಿದಳು. ಹಾಲಾಗಲಿಲ್ಲ.

ಕನಕಮ್ಮ ಸೆರಗು ಸಿಕ್ಕಿಸಿಕೊಂಡು ಊದಿದರು. ಹಾಲಾಗಲಿಲ್ಲ.

"ನೀನು ಊದಪ್ಪ" ಎಂದರು.

ಯತಿರಾಜ ದಂಟು ತೆಗೆದುಕೊಂಡ. ಊದಿದ. ಗುಳ್ಳೆಗಳು ಬಂದವು, ಹೋದವು.

ತುಳಸಿ ಅವನ ಲೋಟ ನೋಡಿದಳು, ಮುಖ ನೋಡಿದಳು. "ನಿಮಗೂ ಉಬ್ಬಸ ಬಂತಾ ಸಾರ್?" ಎಂದಳು. ಅವಳ ದನಿಯಲ್ಲಿ ನಿಜವಾದ ಕಾಳಜಿ ಇತ್ತು.

ಯತಿರಾಜನಿಗೆ ತಡೆಯಲಾಗಲಿಲ್ಲ. ಮೆಟ್ಟಿಲ ಮೇಲೆ ಕುಕ್ಕರಿಸಿದ.

"ನಿನ್ನ ಉಸಿರು ಸರಿಯಾಗಿದೆ ತುಳಸಿ. ಅವತ್ತು ನೀರನ್ನ ಬೆಳ್ಳಗೆ ಮಾಡಿದ್ದು ನನ್ನ ಉಸಿರಲ್ಲ. ಕೊಳವೆಯೊಳಗೆ ಸೀಮೆಸುಣ್ಣದ ಪುಡಿ ಇಟ್ಟಿದ್ದೆ."

ತುಳಸಿ ಎದೆಯ ಮೇಲೆ ಕೈಯಿಟ್ಟುಕೊಂಡಳು.

"ಹಂಗಾದ್ರೆ ನಂಗೆ ಏನೂ ಆಗಿಲ್ವಾ?"

"ಏನೂ ಆಗಿಲ್ಲ."

ಅವಳು ಗಾಳಿಯನ್ನು ಎದೆ ತುಂಬ ಎಳೆದುಕೊಂಡಳು. ಬಿಟ್ಟಳು. ಮತ್ತೊಮ್ಮೆ ಎಳೆದುಕೊಂಡಳು. ಆಮೇಲೆ ಲಂಗ ಎತ್ತಿ ಹಿಡಿದು ಮೆಟ್ಟಿಲು ಹತ್ತಿ ಓಡಿಹೋದಳು.

ಯತಿರಾಜ ಕೇಳಿದ, "ಪುಡಿ ವಿಷಯ ನಿಮಗೆ ಗೊತ್ತಿತ್ತಾ ಅಮ್ಮ?"

"ಕೊಳವೆ ತೊಳೆದವಳು ನಾನಲ್ವೇನೋ?"

"ಅವತ್ತೇ ಯಾಕೆ ಬೈಲಿಲ್ಲ?"

"ನೀನೇ ಬಂದು ಹೇಳ್ತೀಯ ಅಂತ ಕಾಯ್ತಿದ್ದೆ. ಅಷ್ಟರಲ್ಲಿ ಈ ಮಗು ನೊಂದ್ಕೊಳ್ತು. ತಪ್ಪು ನಂದೂ ಇದೆ." ಅವರು ಮಂಡಿ ಒತ್ತಿಕೊಂಡರು. "ಅದಿರಲಿ. ಅವತ್ತು ನೀರು ಹಾಲಾಗದೇ ಇದ್ದಾಗ ನಿನ್ನನ್ನ ನೀನು ಏನು ಕೇಳ್ಕೊಂಡೆ?"

"ಈಗ ಹೇಗೆ ಹಾಲು ಮಾಡೋದು ಅಂತ."

"ಯಾಕೆ ಹಾಲಾಗಲಿಲ್ಲ ಅಂತ ಕೇಳ್ಕೊಂಡ್ಯಾ?"

ಯತಿರಾಜ ತಲೆ ತಗ್ಗಿಸಿದ.

"ಇಲ್ಲ" ಎಂದ.

"ಅದನ್ನ ನಾಳೆ ಕ್ಲಾಸಲ್ಲಿ ಕೇಳು."

"ಎಲ್ಲರೆದುರಿಗೂ ಹೇಳಬೇಕಾ?"

"ಹಾಲು ಎಲ್ಲರೆದುರಿಗೂ ತಾನೇ ಆಗಿದ್ದು?"

ಮರುದಿನ ಯತಿರಾಜ ಕ್ಲಾಸಿನ ಮುಂದೆ ನಿಂತ. ಸುತ್ತಿ ಬಳಸದೆ ಹೇಳಿಬಿಟ್ಟ. ಪ್ರಯೋಗ ಆಗಲಿಲ್ಲ, ಸ್ವಾಮಿಗಳೆದುರು ಮರ್ಯಾದೆ ಹೋಗುತ್ತದೆಂದು ಹೆದರಿದೆ, ಪುಡಿ ಹಾಕಿ ಮೋಸ ಮಾಡಿದೆ. ಸ್ವಾಮಿಗಳಿಗೂ ಬೆಳಿಗ್ಗೆ ಹೋಗಿ ಹೇಳಿ ಬಂದಿದ್ದೇನೆ.

"ಸ್ವಾಮಿಗಳು ಏನಂದ್ರು ಸಾರ್?" ಮುಂದಿನ ಸಾಲಿನಿಂದ ಒಂದು ದನಿ.

"ಮುಂದಿನ ಸಲ ನಿಜವಾದ ಹಾಲು ತೋರಿಸು ಅಂದ್ರು."

ಕ್ಲಾಸು ಗೊಳ್ಳೆಂದು ನಕ್ಕಿತು. ಮಾದೇಶ ಮಾತ್ರ ನಗಲಿಲ್ಲ. ಎದ್ದು ನಿಂತ.

"ಹಂಗಾದ್ರೆ ಪರಮಾಣು, ಸಾರ್?"

ನಗು ನಿಂತಿತು.

"ಅದೂ ಹಿಂಗೇನಾ? ನೀವು ಹೇಳಿದ್ರಿ ಅಂತ ನಂಬಿದ್ದೆ."

ಯತಿರಾಜನಿಗೆ ಆ ಮಾತು ನಾಟಿತು. ಒಂದು ಚಿಟಿಕೆ ಪುಡಿ ಎಷ್ಟು ದೂರ ಹಾರಿತ್ತು ಎಂದು ಆಗ ಕಂಡಿತು.

"ಪರಮಾಣು ಸುಳ್ಳಲ್ಲ ಮಾದೇಶ" ಎಂದ. "ಆದರೆ ನಾನು ಹೇಳ್ದೆ ಅಂತ ನಂಬಬೇಡ. ನಂಬು ಅಂದಿದ್ದೇ ನನ್ನ ಮೊದಲನೇ ತಪ್ಪು. ಒಂದೊಂದೇ ನೋಡ್ತಾ ಹೋಗೋಣ. ಮೊದಲು ಇದು. ನೀರು ಯಾಕೆ ಹಾಲಾಗ್ಲಿಲ್ಲ?"

ಮಕ್ಕಳು ಮುಖ ಮುಖ ನೋಡಿಕೊಂಡರು. ಮೇಷ್ಟರು ಕೇಳಿದ ಪ್ರಶ್ನೆಗೆ ಮೇಷ್ಟರಿಗೇ ಉತ್ತರ ಗೊತ್ತಿಲ್ಲದ್ದನ್ನು ಅವರು ಈವರೆಗೆ ನೋಡಿರಲಿಲ್ಲ. ಅದು ಅವರಿಗೆ ಬಹಳ ಇಷ್ಟವಾಯಿತು.

"ನೀರು ಸರಿಯಿಲ್ಲ ಸಾರ್!"

"ಉಸಿರು ಕಮ್ಮಿ!"

"ಶೀಸೆ ತೊಳೆದಿಲ್ಲ!"

ತುಳಸಿ ಎದ್ದಳು. "ಸುಣ್ಣವೇ ಸರಿಯಿಲ್ದೆ ಇರಬಹುದು."

ಶೆಲ್ಫಿನಿಂದ ಡಬ್ಬಿ ಕೆಳಗಿಳಿಯಿತು. ಅದರ ಮುಚ್ಚಳ ಯಾವ ಕಾಲದಲ್ಲಿ ಕಳೆದುಹೋಗಿತ್ತೋ. ಒಳಗಿನ ಸುಣ್ಣ ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಬೆರಳಿಂದ ಉಜ್ಜಿದರೆ ಮರಳಿನಂತೆ ಉದುರುತ್ತಿತ್ತು.

ಯತಿರಾಜ ಅದನ್ನು ನೋಡಿದ. ಥಟ್ಟನೆ ಅವನ ಮುಖ ಅರಳಿತು. ಹೇಳಲು ಬಾಯಿ ತೆರೆದವನು ಬಾಗಿಲ ಕಡೆ ನೋಡಿದ. ಕನಕಮ್ಮ ಬಾಗಿಲಿಗೆ ಒರಗಿ ನಿಂತಿದ್ದರು. ಕೈಯಲ್ಲಿ ಒಂದು ನಿಂಬೆಹಣ್ಣು.

"ಅಡುಗೆಮನೆಯಿಂದ ತಂದೆ. ಬೇಕಾ?"

ಯತಿರಾಜ ನಕ್ಕ. ನಿಂಬೆಹಣ್ಣನ್ನು ಮಾದೇಶನ ಕೈಗೆ ಕೊಟ್ಟ.

"ಹಿಂಡು."

ಮಾದೇಶ ಸುಣ್ಣದ ಚೂರಿನ ಮೇಲೆ ನಿಂಬೆರಸ ಹಿಂಡಿದ. ಬುಸ್ ಎಂದು ನೊರೆ ಎದ್ದಿತು.

"ಅಯ್ಯೋ! ಉಸಿರಾಡ್ತಿದೆ!"

"ಸರಿಯಾಗಿ ಹೇಳಿದೆ" ಎಂದ ಯತಿರಾಜ. "ಹೊಸ ಸುಣ್ಣಕ್ಕೆ ನಿಂಬೆ ಹಿಂಡಿದ್ರೆ ಹೀಗೆ ನೊರೆ ಬರಲ್ಲ. ಈ ಸುಣ್ಣದೊಳಗೆ ಗಾಳಿ ಸೇರ್ಕೊಂಡಿದೆ. ಯಾವ ಗಾಳಿ?"

ಅವನು ಡಬ್ಬಿಯನ್ನು ಎತ್ತಿ ತೋರಿಸಿದ.

"ಡಬ್ಬಿ ಎಲ್ಲಿತ್ತು?"

"ಇಲ್ಲೇ ಸಾರ್. ಶೆಲ್ಫಲ್ಲಿ."

"ಮುಚ್ಚಳ?"

"ಇರಲಿಲ್ಲ."

"ಇಲ್ಲಿ ಉಸಿರು ಬಿಡ್ತಾ ಕೂತಿರೋರು ಯಾರು?"

ತುಳಸಿಯ ಕಣ್ಣು ದೊಡ್ಡದಾಯಿತು. "ನಾವು!"

"ಹೊರಗಿನ ಗಾಳಿನೂ ಸೇರಿದೆ. ಆದ್ರೆ ನೀವು ಬಿಟ್ಟ ಉಸಿರೂ ಇದರಲ್ಲಿದೆ. ನಾವು ಪ್ರಯೋಗ ಮಾಡೋಕೆ ಮುಂಚೆನೇ ಈ ಸುಣ್ಣ ತಾನೇ ಪ್ರಯೋಗ ಮಾಡಿ ಮುಗಿಸಿ ಕೂತಿತ್ತು. ಈಗ ಇದು ಸುಣ್ಣ ಅಲ್ಲ, ಕಲ್ಲು. ಕಲ್ಲು ನೀರಲ್ಲಿ ಕರಗಲ್ಲ. ಅದಕ್ಕೇ ಶೀಸೇಲಿ ಇದ್ದದ್ದು ಬರೀ ನೀರು."

"ಅಂದ್ರೆ ನನ್ನ ಉಸಿರನ್ನ ಇದು ಮೊದಲೇ ತಗೊಂಡಿತ್ತು!" ಎಂದಳು ತುಳಸಿ.

"ನಂದೂ!" ಎಂದ ಮಾದೇಶ. ನೊರೆಯ ಹತ್ತಿರ ಮೂಗು ತಂದು ಮೂಸಿ ನೋಡಿದ. "ಇದ್ರಲ್ಲಿ ಯಾವುದು ನಂದು ಸಾರ್?"

ಕನಕಮ್ಮ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು.

ಪ್ರಾರ್ಥನಾ ಮಂದಿರಕ್ಕೆ ಬಳಿಯಲೆಂದು ಉಗ್ರಾಣದಲ್ಲಿ ಸುಟ್ಟ ಸುಣ್ಣದ ಗಟ್ಟಿಗಳನ್ನು ಭದ್ರವಾಗಿ ಮುಚ್ಚಿಟ್ಟಿದ್ದರು. ಯತಿರಾಜ ಅದರಲ್ಲಿ ಒಂದಷ್ಟು ತಂದ. ಅಂಗಳದ ನಡುವೆ ಮಣ್ಣಿನ ಬಾನಿ ಇಟ್ಟು ಮಕ್ಕಳನ್ನೆಲ್ಲ ದೂರ ನಿಲ್ಲಿಸಿದ. ಕಣ್ಣಿಗೆ ಹಾರಿದರೆ ಕಷ್ಟ ಎಂದು ಹೇಳಿ, ತಾನೂ ಮುಖಕ್ಕೆ ಬಟ್ಟೆ ಅಡ್ಡ ಹಿಡಿದು, ಸ್ವಲ್ಪ ಸ್ವಲ್ಪವೇ ನೀರು ಹಾಕಿದ.

ಮೊದಲು ಏನೂ ಆಗಲಿಲ್ಲ.

ಆಮೇಲೆ ಗಟ್ಟಿಗಳು ಬಿರಿದವು. ಕೊತಕೊತ ಸದ್ದಾಯಿತು. ಬಾನಿಯಿಂದ ಹಬೆ ಎದ್ದು ಅಂಗಳದ ತುಂಬ ಹರಡಿತು.

"ಒಲೆನೇ ಇಲ್ಲ, ಕುದೀತಿದೆ!" ಎಂದು ಮಕ್ಕಳು ಕುಣಿದಾಡಿದರು. ದನ ಮೇಯಿಸುತ್ತಿದ್ದವರು ಬೇಲಿಯಾಚೆ ನಿಂತು ಇಣುಕಿದರು. ಸ್ವಾಮಿಗಳು ಜಪಮಾಲೆ ಹಿಡಿದುಕೊಂಡೇ ಹೊರಗೆ ಬಂದರು.

"ಬೆಂಕಿ ಎಲ್ಲಿತ್ತಪ್ಪ?" ಎಂದು ಕೇಳಿದರು.

"ಸುಣ್ಣದ ಕಲ್ಲು ಸುಡುವಾಗ ಗೂಡಿನ ಬೆಂಕಿ ಅದರೊಳಗಿನ ಗಾಳಿನ ಓಡಿಸ್ತು ಸ್ವಾಮಿ" ಎಂದ ಯತಿರಾಜ. "ಆಗಿನಿಂದ ಇದಕ್ಕೆ ಜೊತೆ ಬೇಕಾಗಿತ್ತು. ಈಗ ನೀರಿನ ಕೈ ಹಿಡೀತು. ಕೈ ಹಿಡಿದಾಗ ಬರೋ ಬಿಸಿ ಇದು."

"ಯಾರು ಯಾರ ಕೈ ಹಿಡಿದದ್ದು?"

ಯತಿರಾಜ ಮಕ್ಕಳ ಕಡೆ ತಿರುಗಿದ. ಅಲ್ಲಿಯೇ ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಸುಣ್ಣದಲ್ಲಿರುವ ಕ್ಯಾಲ್ಸಿಯಂ ಪರಮಾಣುವನ್ನು ಬರೆದ. ಒಳಗೊಂದು ಸುತ್ತು, ಅದರಾಚೆ ಇನ್ನೊಂದು, ಮತ್ತೊಂದು. ಕಟ್ಟಕಡೆಯ ಸುತ್ತಿನಲ್ಲಿ ಎರಡೇ ಎಲೆಕ್ಟ್ರಾನು. ಆ ಎರಡನ್ನು ಬಿಟ್ಟುಕೊಡಲು ಅದು ಸದಾ ತಯಾರಿರುತ್ತದೆ, ತೆಗೆದುಕೊಳ್ಳುವವರು ಸಿಕ್ಕರೆ ಸಾಕು ಎಂದ. ಸುಣ್ಣದ ಕಲ್ಲು, ಸುಟ್ಟ ಸುಣ್ಣ, ಅರಳಿದ ಸುಣ್ಣ, ಡಬ್ಬಿಯಲ್ಲಿ ಮತ್ತೆ ಕಲ್ಲು. ಜೊತೆಗಾರರು ಬದಲಾಗುತ್ತಾರೆ. ಕ್ಯಾಲ್ಸಿಯಂ ಕ್ಯಾಲ್ಸಿಯಮ್ಮಾಗಿಯೇ ಇರುತ್ತದೆ.

ಇದೇ ಪಾಠವನ್ನು ಬೋರ್ಡಿನ ಮೇಲೆ ಹೇಳಿದಾಗ ಮಕ್ಕಳು ಆಕಳಿಸುತ್ತಿದ್ದರು. ಈಗ ಮಂಡಿಯೂರಿ ಕೂತು, ಒಬ್ಬರನ್ನೊಬ್ಬರು ತಳ್ಳಿಕೊಂಡು ನೋಡಿದರು.

ಸುಣ್ಣ ರಾತ್ರಿಯೆಲ್ಲ ತಣಿದು ತಿಳಿಯಾಯಿತು. ಬೆಳಿಗ್ಗೆ ಅದನ್ನು ಬಟ್ಟೆಯಲ್ಲಿ ಸೋಸಿ ಲೋಟ ಲೋಟಕ್ಕೂ ಬಸಿದರು. ತೋಟದ ಪರಂಗಿ ಗಿಡಗಳಲ್ಲಿ ತುದಿಯ ಎಳೆ ಎಲೆಗಳಷ್ಟೇ ಉಳಿದವು.

"ಊದಬೇಕು, ಎಳ್ಕೋಬಾರದು" ಎಂದು ಯತಿರಾಜ ಒಬ್ಬೊಬ್ಬರಿಗೂ ಹೇಳಿದ. "ಮೊದಲು ತುಳಸಿ."

ತುಳಸಿ ದಂಟು ಬಾಯಿಗಿಟ್ಟಳು. ಕಣ್ಣು ಮುಚ್ಚಿ ಊದಿದಳು.

ನೀರಿನಲ್ಲಿ ಮಂಜಿನ ಎಳೆಯೊಂದು ತೇಲಿತು. ಇನ್ನೊಂದು. ನೋಡನೋಡುತ್ತಾ ಲೋಟದ ತುಂಬ ಹಾಲು.

"ಕಣ್ಣು ಬಿಡೇ!" ಎಂದು ಗೆಳತಿಯರು ಕಿರುಚಿದರು.

ಅವಳು ಕಣ್ಣು ಬಿಟ್ಟಳು. ದಂಟು ಬಾಯಲ್ಲಿರುವಾಗಲೇ ನಕ್ಕಳು. ಗುಳ್ಳೆಗಳು ಲೋಟದಾಚೆ ಚಿಮ್ಮಿದವು.

ಆಮೇಲೆ ಕ್ಲಾಸೆಲ್ಲ ಗುಳುಗುಳು. ಎಲ್ಲರ ಲೋಟವೂ ಹಾಲು. ಸ್ವಾಮಿಗಳೂ ಒಂದು ದಂಟು ಕೇಳಿ ಪಡೆದರು. ತಮ್ಮ ಲೋಟ ಬೆಳ್ಳಗಾದಾಗ ಸುತ್ತಲಿದ್ದವರಿಗೆಲ್ಲ ಎತ್ತಿ ಎತ್ತಿ ತೋರಿಸಿದರು.

ತುಳಸಿ ಮಾತ್ರ ಊದುವುದನ್ನು ನಿಲ್ಲಿಸಲೇ ಇಲ್ಲ. ಖುಷಿಗೆ ಊದುತ್ತಲೇ ಇದ್ದಳು. ಉಸಿರು ಸಾಲದಾದಾಗ ದಂಟು ತೆಗೆದು ಸುಧಾರಿಸಿಕೊಂಡು ಮತ್ತೆ ಊದಿದಳು.

ಇದ್ದಕ್ಕಿದ್ದಂತೆ ಕೂಗಿದಳು, "ಸಾರ್! ಹಾಲು ಹೋಯ್ತು!"

ಎಲ್ಲರೂ ಮುತ್ತಿಕೊಂಡರು. ಅವಳ ಲೋಟದಲ್ಲಿ ಬಿಳುಪು ಕರಗುತ್ತಾ ಕರಗುತ್ತಾ ನೀರು ಮತ್ತೆ ತಿಳಿಯಾಗುತ್ತಿತ್ತು.

ಯತಿರಾಜ ಪುಸ್ತಕದಲ್ಲಿ ಅದನ್ನು ಓದಿದ್ದ. ಕಣ್ಣಾರೆ ಕಂಡಿದ್ದು ಆಗಲೇ.

"ನಾನೂ ಇದನ್ನ ಮೊದಲನೇ ಸಲ ನೋಡ್ತಿರೋದು" ಎಂದು ತುಳಸಿಯ ಪಕ್ಕದಲ್ಲೇ ಕೂತುಬಿಟ್ಟ. "ಯಾಕೆ ಹೀಗಾಯ್ತು? ಯಾರು ಹೇಳ್ತೀರ?"

ಆ ಬೆಳಿಗ್ಗೆ ಜಗಳವೋ ಜಗಳ. ಉಸಿರು ಹೆಚ್ಚಾಯಿತು ಎಂದರು ಒಬ್ಬರು. ಹಾಲು ತಳಕ್ಕೆ ಹೋಯಿತು ಎಂದರು ಇನ್ನೊಬ್ಬರು. ತಳದಲ್ಲಿ ಏನೂ ಇರಲಿಲ್ಲ. ಕಡೆಗೆ ತುಳಸಿಯೇ ಹೇಳಿದಳು, "ಮೊದಲ ಉಸಿರು ಸೇರಿ ಕಲ್ಲಾಯ್ತು. ಆಮೇಲೆ ಇನ್ನಷ್ಟು ಉಸಿರು ಬಂದು, ಆ ಕಲ್ಲಿಗೂ ಸೇರಿ, ಕರಗೋ ಅಂಥದ್ದು ಇನ್ನೇನೋ ಆಗಿರಬೇಕು."

"ಹಾಗೇ ಆಗಿರೋದು" ಎಂದ ಯತಿರಾಜ. ಅದರ ಹೆಸರನ್ನು ಆಮೇಲೆ ಹೇಳಿದ.

ಮಾದೇಶ ಗಲ್ಲಕ್ಕೆ ಕೈಕೊಟ್ಟು ಲೋಟವನ್ನೇ ನೋಡುತ್ತಿದ್ದ.

"ಸಾರ್, ಈ ಕ್ಯಾಲ್ಸಿಯಂಗೆ ಯಾರ ಜೊತೆ ಹೋಗಬೇಕು ಅಂತ ಹೆಂಗ್ ಗೊತ್ತಾಗುತ್ತೆ?"

"ಕಡೇ ಸುತ್ತಿನ ಎಲೆಕ್ಟ್ರಾನುಗಳು ಅದನ್ನ ತೀರ್ಮಾನ ಮಾಡ್ತವೆ."

"ಎಲೆಕ್ಟ್ರಾನಿಗೆ ಹೆಂಗ್ ಗೊತ್ತಾಗುತ್ತೆ?"

"ಹೋದ ಕಡೆ ಅದಕ್ಕೆ ಆರಾಮಾಗಿದ್ರೆ ಅಲ್ಲೇ ನಿಲ್ಲುತ್ತೆ."

"ಹೋಗೋಕೆ ಮುಂಚೆನೇ ಆರಾಮಾಗಿರುತ್ತೆ ಅಂತ ಯಾರು ಹೇಳಿದ್ರು ಅದಕ್ಕೆ?"

ಯತಿರಾಜ ಯೋಚಿಸಿದ. ಓದಿದ್ದೆಲ್ಲವನ್ನೂ ಮನಸ್ಸಿನಲ್ಲಿ ತಿರುವಿ ಹಾಕಿದ. ಸೂತ್ರಗಳು ಸಿಕ್ಕವು. ಮಾದೇಶನಿಗೆ ಹೇಳುವಂಥದ್ದು ಸಿಗಲಿಲ್ಲ.

"ನನಗೆ ಗೊತ್ತಿಲ್ಲ ಮಾದೇಶ" ಎಂದ. ಹಾಗೆಂದಾಗ ಎದೆ ಹಗುರಾಯಿತು. "ಅಮ್ಮ, ನಿಮಗೆ?"

ಕನಕಮ್ಮ ತಮ್ಮ ಲೋಟ ಕೆಳಗಿಟ್ಟರು. "ಇಷ್ಟು ವರ್ಷ ಪಾಠ ಮಾಡಿದೀನಿ. ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ನನಗೂ ಗೊತ್ತಿಲ್ಲ."

"ದೊಡ್ಡ ಟೀಚರ್‌ಗೂ ಗೊತ್ತಿಲ್ವಂತೆ!" ಮಕ್ಕಳು ಚಪ್ಪಾಳೆ ತಟ್ಟಿದರು. ಮಾದೇಶ ಗೆದ್ದವನಂತೆ ಎದೆಯುಬ್ಬಿಸಿ ನಿಂತ.

ಅಡುಗೆಮನೆಯ ಕಡೆಯಿಂದ ಹುಳಿಯ ಒಗ್ಗರಣೆ ಘಮ್ಮೆಂದಿತು.

"ಈಗ ಏನು ಮಾಡೋದು ಅಮ್ಮ?" ಎಂದು ಕೇಳಿದ ಯತಿರಾಜ.

ಕನಕಮ್ಮ ಅವನ ಭುಜ ಹಿಡಿದುಕೊಂಡು ಎದ್ದು ನಿಂತರು.

"ಊಟ ಮಾಡೋದು. ನಾಳೆನೂ ಕ್ಲಾಸಿದೆಯಲ್ಲ."